ಮೆಟ್ಟಿಲ ಕೆಳಗಿನ ಕಾಲು ಗಂಟೆ

ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ಇಷ್ಟಕ್ಕೇ ಇಡೀ ಮನೆಯ ವೈರಿಂಗ್ ಕಿತ್ತು ಹೊಸದಾಗಿ ಮಾಡಿಸಬೇಕೇ ಎಂದು ನೀವು ಕೇಳಬಹುದು. ಟೈಮಯ್ಯನೂ ಅದನ್ನೇ ಕೇಳಬೇಕೆಂದಿದ್ದ. ಆದರೆ ಬಾಯಿ ತೆಗೆಯುವ ಸ್ಥಿತಿಯಲ್ಲಿ ಅವನಿರಲಿಲ್ಲ, ಯಾಕೆಂದರೆ ಆ ಬಲ್ಬು ಹಾಕಿ ಮರೆತು ಬಂದವನು ತಾನೇ ಎಂದು ಅವನಿಗೆ ಖಾತ್ರಿಯಿತ್ತು.

ಅಡುಗೆಮನೆಯ ಫ್ಯಾನು ರಿಪೇರಿಗೆ ಬಂದಿದ್ದ ಎಲೆಕ್ಟ್ರಿಷಿಯನ್ ಫ್ಯೂಸ್ ನೋಡಲೆಂದು ಆ ಕೋಣೆಯ ಬಾಗಿಲು ತೆಗೆದವನು ಅಲ್ಲಿಂದಲೇ ಕೂಗಿದ.

"ಮೇಡಂ, ಇಲ್ಲಿ ಯಾರಾದ್ರೂ ಇರ್ತಾರಾ? ಲೈಟ್ ಉರೀತಾ ಇದೆ. ನಿನ್ನೆಯಿಂದ ಹಾಗೇ ಇರ್ಬೇಕು, ಮುಟ್ಟಿದ್ರೆ ಕೈ ಸುಡುತ್ತೆ."

ಮನೆಮಂದಿಯೆಲ್ಲ ಬಂದು ಬಾಗಿಲ ಬಳಿ ನಿಂತರು. "ಅಲ್ಲಿಗೆ ಯಾರು ಹೋಗ್ತಾರಪ್ಪ" ಎಂದಳು ಟೈಮಯ್ಯನ ಹೆಂಡತಿ. ಅತ್ತೆ, ಅಂದರೆ ಹೆಂಡತಿಯ ತಾಯಿ, ಇಕ್ಕಟ್ಟಿನ ಜಾಗ ಕಂಡರೆ ತಮಗೆ ಉಸಿರು ಕಟ್ಟುತ್ತದೆ ಎಂದರು. ಕಾಲೇಜಿಗೆ ಹೋಗುವ ಮಗಳು ಫೋನಿನಿಂದ ತಲೆ ಎತ್ತದೆ "ನಾನಲ್ಲ" ಎಂದಳು. ಟೈಮಯ್ಯ "ಇಲಿ ಇರಬಹುದು" ಎಂದ. ಇಲಿ ಸ್ವಿಚ್ಚು ಹಾಕುತ್ತದೆಯೇ ಎಂದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.

ಎಲೆಕ್ಟ್ರಿಷಿಯನ್ ಇಂಥ ಅವಕಾಶ ಬಿಡುವ ಪೈಕಿ ಅಲ್ಲ. "ಇದಕ್ಕೆಲ್ಲ ಈಗ ಸೆನ್ಸರ್ ಬಂದಿದೆ ಮೇಡಂ. ಕೋಣೇಲಿ ಯಾರಾದ್ರೂ ಅಲ್ಲಾಡಿದ್ರೆ ಲೈಟ್ ತಾನಾಗೇ ಹತ್ತುತ್ತೆ, ಎದ್ದು ಹೋದ್ರೆ ತಾನಾಗೇ ಆರುತ್ತೆ. ಅಡುಗೆಮನೇಲಿ ಒಂದು ಬೋರ್ಡು ಕೂರಿಸ್ತೀನಿ. ಯಾವ್ಯಾವ ಕೋಣೇಲಿ ಜನ ಇದ್ದಾರೋ ಅಲ್ಲಲ್ಲಿ ಹಸಿರು ಚುಕ್ಕಿ ಬರುತ್ತೆ. ಮನೇಲಿ ಒಂದು ಸೊಳ್ಳೆನೂ ನಿಮ್ಮ ಕಣ್ತಪ್ಪಿಸಿ ಓಡಾಡೋ ಹಾಗಿಲ್ಲ."

ಬೇಡ ಎಂದರೆ ಬಲ್ಬಿನ ಅನುಮಾನ ನೆಟ್ಟಗೆ ತನ್ನ ಮೇಲೇ ಬರುತ್ತದೆ ಎಂದು ಹೆದರಿ ಟೈಮಯ್ಯ ಎಲ್ಲರಿಗಿಂತ ಮೊದಲು ತಲೆಯಾಡಿಸಿದ. ಉಳಿದವರೂ ಆಡಿಸಿದರು. ಹಳೆಯ ವೈರಿಂಗು ಹೇಗೂ ಲಡ್ಡಾಗಿತ್ತು. ಹತ್ತು ಸೆನ್ಸರುಗಳ ಒಂದು ಡಬ್ಬ ಎರಡೇ ದಿನದಲ್ಲಿ ಮನೆಗೆ ಬಂದು ಕೂತಿತು.

ಟೈಮಯ್ಯ ಅನ್ನುವುದು ಅವನ ಹೆಸರಲ್ಲ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವುದು ಅವನ ಕೆಲಸ, ಅಲ್ಲಿ ಅಂಟಿದ ಹೆಸರು ಅವನ ಹಿಂದೆಯೇ ಮನೆಯವರೆಗೂ ಬಂದಿತ್ತು. ಯಾವ ಡ್ರೈವರ್ ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ಹತ್ತು ನಿಮಿಷ ಕಾಲು ಚಾಚಬೇಕು ಎಲ್ಲವನ್ನೂ ಬರೆಯುವವನು ಅವನೇ. ನೂರ ನಲವತ್ತು ಡ್ರೈವರುಗಳಿಗೆ ವಿಶ್ರಾಂತಿ ಹಂಚುವ ಈ ಮನುಷ್ಯನಿಗೆ ಸ್ವಂತ ಮನೆಯಲ್ಲಿ ಐದು ನಿಮಿಷ ಸುಮ್ಮನೆ ಕೂರಲು ಜಾಗವಿರಲಿಲ್ಲ. ಸೋಫಾದ ಮೇಲೆ ಬೆನ್ನು ಊರುವಷ್ಟರಲ್ಲಿ ಹೆಂಡತಿ ಮುಚ್ಚಳ ಬಿಗಿಯಾದ ಡಬ್ಬಿ ತಂದು ಕೈಗಿಡುತ್ತಿದ್ದಳು. ಮಂಚದ ಮೇಲೆ ಒರಗಿದರೆ ಅತ್ತೆ ಕನ್ನಡಕ ಹುಡುಕಿಸುತ್ತಿದ್ದರು. ಟೆರೇಸಿಗೆ ಹೋದರೆ ಒಣಗಿದ ಬಟ್ಟೆ ಮಡಚಿ ತರಬೇಕು.

ಅದಕ್ಕೇ ಅವನು ದಿನಾ ಸಂಜೆ ಆರೂವರೆಗೆ ಕಳ್ಳಹೆಜ್ಜೆ ಇಟ್ಟು ಆ ಸಾಮಾನು ಕೋಣೆಗೆ ಹೋಗುತ್ತಿದ್ದ. ಹಳೆಯ ಸೂಟ್‌ಕೇಸುಗಳು, ಕೆಟ್ಟ ಕೂಲರು, ಪೇಂಟಿನ ಡಬ್ಬಗಳ ನಡುವೆ ಒಂದು ಬಕೆಟ್ಟು ಬೋರಲು ಹಾಕಿಕೊಂಡು ಆರೂಮುಕ್ಕಾಲರವರೆಗೆ ಕೂರುತ್ತಿದ್ದ. ಓದುತ್ತಿರಲಿಲ್ಲ, ಫೋನ್ ನೋಡುತ್ತಿರಲಿಲ್ಲ, ಯೋಚನೆಯನ್ನೂ ಮಾಡುತ್ತಿರಲಿಲ್ಲ. ಕಾಲು ಗಂಟೆ ಯಾರಿಗೂ ಬೇಡದವನಾಗಿ ಇರುವುದೇ ಅವನಿಗೆ ಸ್ವರ್ಗ. ಆ ಕಾಲು ಗಂಟೆಯೂ ಹೋದರೆ ತನ್ನ ತಲೆ ಕೆಡುತ್ತದೆ ಎಂದು ಅವನು ತಮಾಷೆಗಲ್ಲ, ನಿಜವಾಗಿಯೇ ನಂಬಿದ್ದ. ಈಗ ಅಡುಗೆಮನೆಯ ಬೋರ್ಡಿನಲ್ಲಿ ಅಲ್ಲೊಂದು ಹಸಿರು ಚುಕ್ಕಿ ಬಂತೆಂದರೆ ಮುಗಿಯಿತು.

ಆದರೆ ಅದೃಷ್ಟ ಪೂರ್ತಿ ಕೈಕೊಟ್ಟಿರಲಿಲ್ಲ. ಯಾವ ಸೆನ್ಸರ್ ಎಲ್ಲಿ, ಯಾವ ವೈರು ಯಾವ ಗೋಡೆಯಲ್ಲಿ ಎಂದು ಪ್ಲಾನ್ ಮಾಡುವ ಕೆಲಸ ಅವನ ಪಾಲಿಗೇ ಬಂತು. "ನೂರು ಬಸ್ ಓಡಿಸ್ತೀರಂತೆ, ಹತ್ತು ಸೆನ್ಸರ್ ಕೂರಿಸೋಕೆ ಬರಲ್ವಾ" ಎಂದಳು ಹೆಂಡತಿ. ಭಾನುವಾರ ಸಂಜೆ ಐದಕ್ಕೆ ಎಲೆಕ್ಟ್ರಿಷಿಯನ್ ಬಂದು ಪ್ಲಾನ್ ನೋಡುವುದು, ಸೋಮವಾರ ಬೆಳಗ್ಗೆ ಗೋಡೆ ಕೊರೆಯುವುದು ಎಂದು ಮಾತಾಯಿತು. ಗೋಡೆ ಕೊರೆದು ಸಿಮೆಂಟು ಮೆತ್ತಿದ ಮೇಲೆ ಬ್ರಹ್ಮ ಬಂದರೂ ಬದಲಾಯಿಸುವ ಹಾಗಿಲ್ಲ.

ಭಾನುವಾರ ಬೆಳಗ್ಗೆ ಟೈಮಯ್ಯ ಟಾರ್ಚು, ಚಾಕ್‌ಪೀಸು, ಎರಡು ಬಣ್ಣದ ದಾರದ ಉಂಡೆ ಹಿಡಿದು ಕೆಲಸಕ್ಕಿಳಿದ. ಸೆನ್ಸರು ಬೀಸಣಿಗೆ ಬಿಚ್ಚಿದ ಹಾಗೆ ಮುಂದಕ್ಕೆ ಅಗಲವಾಗಿ ನೋಡುತ್ತದೆ, ಬೆನ್ನ ಹಿಂದೆ ನೋಡುವುದಿಲ್ಲ, ಗೋಡೆ ಅಡ್ಡ ಬಂದರೆ ನೋಡುವುದಿಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳಿಕೊಟ್ಟಿದ್ದ. ಸೆನ್ಸರ್ ಇಡುವ ಜಾಗದಲ್ಲಿ ಟಾರ್ಚು ಹಿಡಿದರಾಯಿತು, ಬೆಳಕು ಬಿದ್ದ ಜಾಗವೆಲ್ಲ ಸೆನ್ಸರಿಗೆ ಕಾಣುವ ಜಾಗ.

ಒಂಬತ್ತು ಸೆನ್ಸರುಗಳ ವಿಷಯದಲ್ಲಿ ಅವನಿಗೆ ಯಾವ ಚಿಂತೆಯೂ ಇರಲಿಲ್ಲ. ಇದ್ದದ್ದೆಲ್ಲ ಏಳನೇ ನಂಬರಿನದು. ಮನೆಯ ನಡುವೆ ಒಂದು ಉದ್ದನೆಯ ಪ್ಯಾಸೇಜು. ಒಂದು ಬದಿಗೆ ಎರಡು ಮಲಗುವ ಕೋಣೆ, ಇನ್ನೊಂದು ಬದಿಗೆ ಅಡುಗೆಮನೆ ಮತ್ತು ಬಾತ್‌ರೂಮು, ಕೊನೆಗೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಅವನ ಸ್ವರ್ಗ. ಏಳನೆಯದು ಈ ಪ್ಯಾಸೇಜಿನದು. ಅದನ್ನು ಅವನು ಅಡುಗೆಮನೆ ಬಾಗಿಲ ಮೇಲೆ, ಮೆಟ್ಟಿಲಿಗೆ ಬೆನ್ನು ಹಾಕಿ, ಬೀದಿ ಬಾಗಿಲ ಕಡೆ ಮುಖ ಮಾಡಿ ಗುರುತು ಹಾಕಿದ. ಟಾರ್ಚು ಹಿಡಿದು ನೋಡಿದ. ಸಾಮಾನು ಕೋಣೆಯ ಬಾಗಿಲು ಕತ್ತಲಲ್ಲಿ ಮುದ್ದಾಗಿ ಕೂತಿತ್ತು. ಟೈಮಯ್ಯನಿಗೆ ಶಿಳ್ಳೆ ಹಾಕುವಷ್ಟು ಖುಷಿಯಾಯಿತು. ಗೋಡೆಯಿಂದ ಗೋಡೆಗೆ, ಕರೆಂಟಿಗೆ ಕೆಂಪು, ಸೆನ್ಸರಿಗೆ ಹಳದಿ ಎಂದು ವೈರು ಹೋಗುವ ದಾರಿಯನ್ನೆಲ್ಲ ದಾರ ಕಟ್ಟಿ ತೋರಿಸಿ ಸ್ನಾನಕ್ಕೆ ಹೋದ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಕೆಂಪು ದಾರದ ಮೇಲೆ ನಾಲ್ಕು ಟವೆಲ್ಲು, ಎರಡು ರವಿಕೆ ನೇತಾಡುತ್ತಿದ್ದವು. ಅತ್ತೆ ಹಳದಿ ದಾರಕ್ಕೆ ಕ್ಲಿಪ್ಪು ಹಾಕುತ್ತಿದ್ದರು.

"ಒಳಗೂ ಒಂದು ಹಗ್ಗ ಕಟ್ಟಿಸಿ ಅಂತ ವರ್ಷದಿಂದ ಹೇಳ್ತಿದ್ದೆ, ಈಗಾದ್ರೂ ಕಟ್ಟಿದ್ರಲ್ಲ" ಎಂದರು.

"ಅತ್ತೆ, ಅದು ವೈರು."

"ಒದ್ದೆ ಬಟ್ಟೆ ಹಾಕಬಾರ್ದಾ?"

ಟೈಮಯ್ಯ ಬಟ್ಟೆ ತೆಗೆಯತೊಡಗಿದ. ಅತ್ತೆ ಹೋಗಲಿಲ್ಲ. ಅಡುಗೆಮನೆ ಬಾಗಿಲ ಮೇಲಿನ ಚಾಕ್ ಗುರುತನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ಇದನ್ನ ಇಲ್ಲಿ ಬೇಡ, ನನ್ನ ಕೋಣೆ ಬಾಗಿಲ ಮೇಲೆ ಹಾಕಿ. ನೆತ್ತಿ ಮೇಲಿದ್ರೆ ಅದಕ್ಕೆ ನಾನು ಕಾಣಲ್ಲ" ಎಂದರು.

"ನೀವು ಯಾಕೆ ಕಾಣಬಾರದು?"

"ವಯಸ್ಸಾದೋರು ಎದ್ದಾಗೆಲ್ಲ ಲೈಟ್ ಹತ್ತಿದ್ರೆ ಮರ್ಯಾದೆನಾ?"

ಹಿರಿಯರ ಮಾತು ಎಂದು ಟೈಮಯ್ಯ ಗುರುತನ್ನು ಅವರ ಬಾಗಿಲ ಮೇಲೆ ಹಾಕಿ ಟಾರ್ಚು ಹಿಡಿದ. ಬೆಳಕು ಹೋಗಿ ಸಾಮಾನು ಕೋಣೆಯ ಚಿಲಕದ ಮೇಲೆ ಸರಿಯಾಗಿ ಬಿತ್ತು. ಅತ್ತೆ ಆ ಕಡೆ ಹೋದದ್ದೇ ತಡ, ಗುರುತು ಅಳಿಸಿ ಮೊದಲಿನ ಜಾಗಕ್ಕೇ ತಂದ.

ಹನ್ನೊಂದು ಗಂಟೆಗೆ ಮಗಳು ಎದ್ದು ಬಂದಳು. ದಾರಗಳ ಕೆಳಗೆ ನುಸುಳಿ, ಪ್ಲಾನಿನ ಹಾಳೆ ತೆಗೆದು ನೋಡಿ, ಏಳನೇ ನಂಬರಿನ ಮೇಲೆ ಬೆರಳಿಟ್ಟಳು.

"ಅಪ್ಪಾ, ಇದು ಅಷ್ಟು ಮೇಲೆ ಯಾಕೆ? ಕೆಳಗೆ ಹಾಕು, ಮೊಣಕಾಲಿನ ಹತ್ರ. ಚಪ್ಪಲಿ ಸ್ಟ್ಯಾಂಡ್ ಹಿಂದೆ."

"ಚಪ್ಪಲಿ ಸ್ಟ್ಯಾಂಡ್ ಹಿಂದೆ ಹಾಕಿದ್ರೆ ಅದಕ್ಕೆ ಏನಮ್ಮ ಕಾಣುತ್ತೆ?"

"ಬೆಕ್ಕು."

"ನಮ್ಮ ಮನೇಲಿ ಬೆಕ್ಕೆಲ್ಲಿದೆ?"

"ಬಂದ್ರೆ?"

ಟೈಮಯ್ಯ ಮಗಳ ಮುಖ ನೋಡಿದ. ಈ ಹುಡುಗಿ ಹಿಂದಿನ ಪರೀಕ್ಷೆಯಲ್ಲಿ ಗಣಿತಕ್ಕೆ ತೊಂಬತ್ತಾರು ತೆಗೆದವಳು. ಅವಳ ಕಣ್ಣೆದುರಿಗೆ ಸುಮ್ಮನೆ ಒಂದು ಗುರುತು ಹಾಕಿ, ನೆಲದ ಮೇಲೆ ಅಂಗಾತ ಮಲಗಿ ಟಾರ್ಚು ಹಿಡಿದ. ಸ್ಟ್ಯಾಂಡಿನ ಸಂದಿಯಿಂದ ನುಸುಳಿದ ಬೆಳಕು ಮತ್ತೆ ಅದೇ ಚಿಲಕದ ಮೇಲೆ. ಇದೇನು ಗ್ರಹಚಾರ ಎಂದು ಅವನು ಮಲಗಿದಲ್ಲೇ ಯೋಚಿಸುತ್ತಿರುವಾಗ ಹೆಂಡತಿ ಬಂದು ಅವನನ್ನು ದಾಟಿ ನಿಂತಳು.

"ಮಲಗಿದ್ದೀರಾ?"

"ಇಲ್ಲ, ನಾನೀಗ ಸೆನ್ಸರು."

"ಸೆನ್ಸರಾದ್ರೆ ಬಾತ್‌ರೂಂ ಬಾಗಿಲ ಕಡೆ ತಿರುಗಿ. ಈ ಏಳನೇದು ಅದನ್ನ ಮಾತ್ರ ನೋಡಿದ್ರೆ ಸಾಕು. ಬೇರೆ ಕಡೆ ನೋಡೋದು ಬೇಡವೇ ಬೇಡ."

"ಬಾತ್‌ರೂಂ ಬಾಗಿಲನ್ನ ಯಾಕೆ ನೋಡ್ಬೇಕು?"

ಹೆಂಡತಿ ಒಂದು ಕ್ಷಣ ತಡವರಿಸಿದಳು. ಮೂವತ್ತು ಜನರಿರುವ ಆಫೀಸನ್ನು ಒಂದು ಹುಬ್ಬಿನ ಸನ್ನೆಯಲ್ಲಿ ನಡೆಸುವ ಹೆಂಗಸು, ತಡವರಿಸಿದ್ದನ್ನು ಟೈಮಯ್ಯ ಮದುವೆಯಾದಾಗಿನಿಂದ ನೋಡಿರಲಿಲ್ಲ. "ಅದು ಸರಿಯಾಗಿ ಮುಚ್ಚಲ್ಲ" ಎಂದು ಹೇಳಿ ಹೋಗಿಬಿಟ್ಟಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಏನು ನಡೆಯಿತೆಂದು ಹೇಳುವುದು ಕಷ್ಟ. ಟೈಮಯ್ಯ ಏಳನೆಯದನ್ನು ಅಡುಗೆಮನೆ ಬಾಗಿಲಿಗೆ ತಂದು ಕಾಫಿ ಕುಡಿದು ಬಂದರೆ ಅದು ಅತ್ತೆಯ ಬಾಗಿಲಲ್ಲಿ ಇರುತ್ತಿತ್ತು. ಅದನ್ನು ಅಳಿಸಿ ತಿರುಗಿದರೆ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಇನ್ನೊಂದು ಏಳು. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಒಟ್ಟು ಐದು ಏಳುಗಳಿದ್ದವು, ಪ್ಲಾನಿನ ಹಾಳೆಯಲ್ಲಿ ಉಜ್ಜಿ ಉಜ್ಜಿ ಪ್ಯಾಸೇಜು ಇದ್ದ ಕಡೆ ತೂತು ಬಿದ್ದಿತ್ತು. ಮಾಡಿದವರ್ಯಾರು ಎಂದು ಕೇಳಿದರೆ ಯಾರೂ ಮಾಡಿಲ್ಲ. ಕಾರಣ ಕೇಳಿದರೆ ಎಲ್ಲರ ಹತ್ತಿರವೂ ಒಂದೊಂದು ಕಾರಣ, ಒಂದಕ್ಕೂ ತಲೆಬುಡವಿಲ್ಲ. ಇಷ್ಟು ವರ್ಷ ಜೊತೆಯಲ್ಲಿ ಬಾಳಿದವರಿಗೆ ಒಂದೇ ಭಾನುವಾರದಲ್ಲಿ ಏನಾಯಿತೆಂದು ಟೈಮಯ್ಯ ಗೋಡೆಗೆ ಒರಗಿ ಕಂಗಾಲಾಗಿ ನಿಂತ. ಒರಗಿದ್ದಕ್ಕೆ ಅವನ ಬೆನ್ನ ಮೇಲೂ ಒಂದು ಏಳು ಮೂಡಿತು.

ಮೂರು ಗಂಟೆಗೆ ಪಕ್ಕದ ಮನೆಯ ಸರ್ವೇಯರು ಬಂದರು. ನಿವೃತ್ತರಾಗಿ ಐದು ವರ್ಷವಾಗಿದ್ದರೂ ಅಳೆಯುವ ಚಟ ಬಿಟ್ಟಿರಲಿಲ್ಲ. ಕೇಳದೆ ಬಂದರು, ಬಂದವರೇ ಹಳದಿ ದಾರಕ್ಕೆ ಕುತ್ತಿಗೆ ಸಿಕ್ಕಿಸಿಕೊಂಡರು, ಬಿಡಿಸಿಕೊಳ್ಳಲು ಹೋಗಿ ಕೆಂಪು ದಾರವನ್ನೂ ಕಿತ್ತರು.

"ಏನ್ರೀ ಇದು, ಜೇಡರ ಬಲೆ ಕಟ್ಟಿದ ಹಾಗೆ ಕಟ್ಟಿದ್ದೀರಿ. ಸರೀರಿ, ನಾನು ಒಂದು ಹದಕ್ಕೆ ತರ್ತೀನಿ" ಎಂದು ಟೇಪು ಬಿಚ್ಚಿದರು.

ಸುಸ್ತಾಗಿದ್ದ ಟೈಮಯ್ಯ ಸರಿದ. ಸರ್ವೇಯರು ಎರಡು ಗಂಟೆ ಕಾಲ ಮನೆಯ ಮೂಲೆಮೂಲೆ ಅಳೆದು, ಹೊಸ ಹಾಳೆಯ ಮೇಲೆ ಮನೆಯ ನಕ್ಷೆ ಬರೆದು, ಒಂದೊಂದು ಸೆನ್ಸರಿಗೂ ಬೀಸಣಿಗೆ ಎಳೆದರು. ಏಳನೆಯದಕ್ಕೆ ಟೈಮಯ್ಯ ಹೇಳಿದ ಜಾಗವನ್ನೇ ಬರೆದುಕೊಂಡರು. ಟೈಮಯ್ಯನಿಗೆ ಅವರ ಕಾಲಿಗೆ ಬೀಳೋಣ ಎನ್ನಿಸಿತು. ಅಷ್ಟರಲ್ಲಿ ಅವರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ, ಎಲ್ಲರನ್ನೂ ಊಟದ ಮೇಜಿನ ಸುತ್ತ ಕರೆದರು.

"ನೋಡಿ, ಪೂರ್ತಿ ಮನೇಲಿ ಒಂದೇ ಒಂದು ಕುರುಡು ಜಾಗ ಇದೆ. ಇಲ್ಲಿ, ಮೆಟ್ಟಿಲ ಕೆಳಗೆ. ಮನುಷ್ಯ ಇಲ್ಲಿ ಹೋಗಿ ಕೂತ್ರೆ ದೇವರಿಗೂ ಗೊತ್ತಾಗಲ್ಲ."

ಟೈಮಯ್ಯ ದಿನವಿಡೀ ಮುಚ್ಚಿಟ್ಟದ್ದನ್ನು ಈ ಮನುಷ್ಯ ಪೆನ್ಸಿಲಿನಿಂದ ಸುತ್ತು ಹಾಕಿ ತೋರಿಸುತ್ತಿದ್ದರು.

"ಅಲ್ಲಿ ಬರೀ ಹಳೇ ಸಾಮಾನು ಸಾರ್, ಯಾರು ಹೋಗ್ತಾರೆ" ಎಂದ ಕ್ಷೀಣವಾಗಿ.

"ಕಳ್ಳ ಹೋಗಿ ಕೂತ್ರೆ? ಏಳನೇದನ್ನ ಒಂದು ಚೂರು ತಿರುಗಿಸಿದ್ರೆ ಸಾಕು, ಅದೂ ಕಾಣುತ್ತೆ."

ಆಗ ನಡೆದದ್ದು ಟೈಮಯ್ಯನಿಗೆ ಕನಸಿನ ಹಾಗಿತ್ತು. "ಕಳ್ಳನಿಗೆ ಅಲ್ಲಿ ಕಾಲಿಡೋಕೆ ಜಾಗ ಎಲ್ಲಿದೆ, ತಿರುಗಿಸೋದು ಬೇಡ" ಎಂದಳು ಹೆಂಡತಿ. "ಅಲ್ಲಿ ಧೂಳು ಜಾಸ್ತಿ, ಸೆನ್ಸರು ಕೆಟ್ಟುಹೋಗುತ್ತೆ" ಎಂದರು ಅತ್ತೆ. "ಅಂಕಲ್, ಅಪ್ಪ ಕಷ್ಟಪಟ್ಟು ಪ್ಲಾನ್ ಮಾಡಿದ್ದಾರೆ, ಹಾಳು ಮಾಡ್ಬೇಡಿ" ಎಂದಳು ಮಗಳು. ಅವನು ಮಾಡಿದ ಯಾವ ಕೆಲಸಕ್ಕೂ ಆ ಮನೆಯಲ್ಲಿ ಇಷ್ಟು ಬೆಂಬಲ ಸಿಕ್ಕಿರಲಿಲ್ಲ. ಸರ್ವೇಯರು ಮಾತ್ರ ನಕ್ಷೆಯ ಮೇಲಿನ ಆ ಸುತ್ತನ್ನು ಬಹಳ ಹೊತ್ತು ನೋಡಿ, "ಕುರುಡು ಜಾಗ, ಹೂಂ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮನೆಗೆ ಹೋದರು.

ಐದಕ್ಕೆ ಬರಬೇಕಿದ್ದ ಎಲೆಕ್ಟ್ರಿಷಿಯನ್ ಆರಕ್ಕೆ ಬಂದ. ಗೋಡೆಯ ಮೇಲಿನ ಏಳುಗಳನ್ನೂ, ಇನ್ನೂ ನೇತಾಡುತ್ತಿದ್ದ ಒಂದು ಟವೆಲ್ಲನ್ನೂ ನೋಡಿದ. ಸರ್ವೇಯರ ಹಾಳೆ ನೋಡಿ ತಲೆದೂಗಿದ.

"ಮೆಟ್ಟಿಲ ಕೆಳಗೆ ಒಂದು ಬೇಡ್ವಾ ಸಾರ್?"

"ಬೇಡ" ಎಂದು ನಾಲ್ಕು ಜನ ಒಟ್ಟಿಗೆ ಹೇಳಿದರು. ಎಲೆಕ್ಟ್ರಿಷಿಯನ್ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಟೈಮಯ್ಯ ಹಾಳೆಗೆ ಸಹಿ ಹಾಕಿಕೊಟ್ಟ, ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಬೆಳಗ್ಗೆ ಎಂಟಕ್ಕೆ ಬರುವುದಾಗಿ ಹೇಳಿ ಹೊರಟ.

ಬೀದಿ ಬಾಗಿಲು ಹಾಕಿ ಬರುವಾಗ ಗಡಿಯಾರ ಆರೂವರೆ ತೋರಿಸುತ್ತಿತ್ತು. ನಡುಮನೆಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯಲ್ಲೂ ಸದ್ದಿಲ್ಲ. ಎಲ್ಲರೂ ದಣಿದು ಮಲಗಿರಬೇಕು ಎಂದುಕೊಂಡ ಟೈಮಯ್ಯ ಪ್ಯಾಸೇಜಿನಲ್ಲಿ ತುದಿಗಾಲಲ್ಲಿ ನಡೆದ. ಇವತ್ತಿನ ಕಾಲು ಗಂಟೆ ಬೇರೆ ಎಲ್ಲ ಕಾಲು ಗಂಟೆಗಳ ಹಾಗಲ್ಲ, ಗೆದ್ದು ಪಡೆದದ್ದು. ಸಾಮಾನು ಕೋಣೆಯ ಬಾಗಿಲು ಮೆಲ್ಲಗೆ ತೆಗೆದು, ತಲೆ ಬಗ್ಗಿಸಿ ಒಳಗೆ ಹೋಗಿ, ಕತ್ತಲಲ್ಲೇ ಬಕೆಟ್ಟಿಗಾಗಿ ಕಾಲಾಡಿಸಿದ.

"ಕಾಲು ತುಳೀಬೇಡಿ" ಎಂದಿತು ಬಕೆಟ್ಟು.

ಟೈಮಯ್ಯ ಹೌಹಾರಿ ನೆಟ್ಟಗಾದ, ತಲೆ ಮೆಟ್ಟಿಲಿಗೆ ಬಡಿಯಿತು. ಬಕೆಟ್ಟಿನ ಮೇಲೆ ಅತ್ತೆ ಕೂತಿದ್ದರು.

"ಅಪ್ಪಾ, ಸದ್ದು ಮಾಡ್ಬೇಡ" ಎಂದಿತು ಕೂಲರಿನ ಹಿಂದಿನಿಂದ ಮಗಳ ದನಿ.

"ಬಾಗಿಲು ಹಾಕಿ, ಬೆಳಕು ಬರುತ್ತೆ" ಎಂದಳು ಹೆಂಡತಿ, ಸೂಟ್‌ಕೇಸುಗಳ ಮೇಲಿನಿಂದ.

ಅವನು ಬಾಗಿಲು ಹಾಕಿದ. ಕೂರಲು ಜಾಗವಿರಲಿಲ್ಲ, ನಿಲ್ಲಲು ಎತ್ತರವಿರಲಿಲ್ಲ. ಪ್ರಶ್ನೆಚಿಹ್ನೆಯ ಹಾಗೆ ಬಗ್ಗಿ ನಿಂತು ಅವನು ಕತ್ತಲಿನ ಕಡೆ ಮಿಕಿಮಿಕಿ ನೋಡಿದ.

"ನೀವೆಲ್ಲ ಇಲ್ಲಿ ಯಾವಾಗಿಂದ?"

"ನಾನು ಮಧ್ಯಾಹ್ನ ಮೂರಕ್ಕೆ ಬರ್ತೀನಿ, ನೀವ್ಯಾರೂ ಇಲ್ಲದಾಗ. ಇವತ್ತು ಆ ಸರ್ವೇಯರ್ ಬಂದು ತಪ್ಪಿಸಿಬಿಟ್ಟ" ಎಂದರು ಅತ್ತೆ.

"ನಾನು ಕಾಲೇಜಿಂದ ಬಂದ ತಕ್ಷಣ."

"ನಾನು ಆರೂಮುಕ್ಕಾಲಿಗೆ. ಎರಡು ವರ್ಷ ಆಯ್ತು" ಎಂದಳು ಹೆಂಡತಿ. "ಬಕೆಟ್ಟು ಯಾವಾಗ್ಲೂ ಬೆಚ್ಚಗಿರ್ತಿತ್ತು. ಬಿಸಿನೀರಿನ ಪೈಪು ಹತ್ರ ಇದೆ, ಅದಕ್ಕೆ ಅಂದುಕೊಂಡಿದ್ದೆ."

ಅತ್ತೆ, "ಈಗ ಒಂದು ಹತ್ತು ನಿಮಿಷ ಎಲ್ಲರೂ ಸುಮ್ಮನಿರಿ, ಇಲ್ಲದಿದ್ರೆ ಇಲ್ಲಿಗೆ ಬಂದು ಏನು ಪ್ರಯೋಜನ" ಎಂದರು. ನಾಲ್ವರೂ ಸುಮ್ಮನಿದ್ದರು. ಆದರೆ ನಾಲ್ಕು ಜನ ಉಸಿರು ಬಿಗಿಹಿಡಿದು ಸುಮ್ಮನಿರುವುದು ಸುಮ್ಮನಿದ್ದ ಹಾಗಲ್ಲ. ಒಬ್ಬರಿಗೆ ಕೆಮ್ಮು ಬಂತು, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಗುಲಿತು, ಪೇಂಟಿನ ಡಬ್ಬವೊಂದು ಉರುಳಿತು.

"ಹೀಗೆ ಎಲ್ಲರೂ ಒಟ್ಟಿಗೆ ನುಗ್ಗಿದ್ರೆ ಆಗಲ್ಲ" ಎಂದಳು ಹೆಂಡತಿ ಎದ್ದು, ಆಫೀಸಿನ ದನಿಯಲ್ಲಿ. "ಟೈಮ್ ಹಾಕ್ಕೊಳ್ಳೋಣ. ರೀ, ಹಾಳೆ ತಗೊಳ್ಳಿ. ನಿಮ್ಮ ಕೆಲಸವೇ ಅದಲ್ವಾ?"

ಹೀಗೆ ಟೈಮಯ್ಯ ಊಟದ ಮೇಜಿಗೆ ಬಂದು ಕೂತು ಸಾಲು ಎಳೆದ. ಅತ್ತೆ ಹಿರಿಯರು, ಅವರಿಗೆ ಬೆಳಗ್ಗೆ ಹತ್ತು, ಮಧ್ಯಾಹ್ನ ಮೂರು. ಮಗಳಿಗೆ ನಾಲ್ಕೂವರೆ, ಪರೀಕ್ಷೆ ಇದ್ದಾಗ ಐದೂವರೆಯೂ ಬೇಕು. ಆರೂವರೆ ಬರೆಯಲು ಅವನು ಪೆನ್ನು ಊರಿದಾಗ ಹೆಂಡತಿ ತಡೆದಳು.

"ಅದು ನನಗೆ. ಆರೂಮುಕ್ಕಾಲು ಅಂದ್ರೆ ಅಡುಗೆ ತಡ ಆಗುತ್ತೆ."

"ಹಾಗಾದ್ರೆ ಆರೂಮುಕ್ಕಾಲು ನನಗಿರಲಿ" ಎನ್ನುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಸರ್ವೇಯರು ನಿಂತಿದ್ದರು. ಮುಖ ಸಪ್ಪಗಿತ್ತು.

"ನಮ್ಮನೇಲೂ ಹಾಕಿಸ್ತಿದ್ದಾರೆ ರೀ, ಹನ್ನೆರಡು ಸೆನ್ಸರು. ಇಲ್ಲಿಂದ ಹೋದಾಗಿನಿಂದ ಅಳೆದು ನೋಡ್ದೆ, ಒಂದು ಚಾಪೆ ಅಗಲವೂ ಕುರುಡು ಜಾಗ ಇಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಮೆಟ್ಟಿಲ ಕೆಳಗಿನದು ಸಂಜೆ ಹೊತ್ತು ಒಂದು ಹದಿನೈದು ನಿಮಿಷ ಖಾಲಿ ಇರುತ್ತಾ?" ಎಂದು ಕೇಳಿದರು.

ಮನೆಗೆ ಬಂದವರಿಗೆ ಇಲ್ಲ ಎನ್ನುವುದು ಹೇಗೆ. ಅದೂ ಎರಡು ಗಂಟೆ ಪುಕ್ಕಟೆ ದುಡಿದ ಮನುಷ್ಯ. ಆರೂಮುಕ್ಕಾಲು ಅವರ ಹೆಸರಿಗೆ ಹೋಯಿತು.

"ಒಳಗೆ ಯಾರಾದ್ರೂ ಇದ್ದಾರಾ ಅಂತ ಹೊರಗಿನವರಿಗೆ ಗೊತ್ತಾಗೋದು ಹೇಗೆ? ಬಾಗಿಲು ತೆಗೆದು ನೋಡಿದ್ರೆ ಕೂತವರಿಗೆ ತೊಂದರೆ ಅಲ್ವಾ" ಎಂದಳು ಮಗಳು. "ಏಳನೇ ಸೆನ್ಸರ್ ಕೋಣೆ ಒಳಗೇ ಹಾಕಿಸೋಣ. ಹಸಿರು ಚುಕ್ಕಿ ಇದ್ರೆ ಯಾರೂ ಹೋಗೋ ಹಾಗಿಲ್ಲ."

ಗಣಿತಕ್ಕೆ ತೊಂಬತ್ತಾರು ಬಂದದ್ದು ಸುಮ್ಮನೆ ಅಲ್ಲ ಎಂದು ಎಲ್ಲರೂ ಹೊಗಳಿದರು. ಹೆಂಡತಿ ಆಗಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಏಳನೆಯದು ಮೆಟ್ಟಿಲ ಕೆಳಗೆ, ಸರಿಯಾಗಿ ಬಕೆಟ್ಟಿನ ಮೇಲೆ ಎಂದು ಹೇಳಿದಳು. ಟೈಮಯ್ಯ ಹಾಳೆಯ ಮೇಲೆ ಕೆಳಗಿಂದ ಮೇಲಕ್ಕೂ ಮೇಲಿಂದ ಕೆಳಕ್ಕೂ ಬೆರಳಾಡಿಸಿದ. ಏಳರಿಂದ ಎಂಟು ಊಟಕ್ಕೆ ತಟ್ಟೆ ಹಾಕಿ, ತೆಗೆದು, ತೊಳೆಯುವ ಪಾಳಿ ಅವನದೇ. ಎಂಟರಿಂದ ಒಂಬತ್ತು ಅತ್ತೆಯ ಕಾಲು ನೋವಿಗೆ ಬಿಸಿನೀರು, ಮಗಳಿಗೆ ಪ್ರಿಂಟು, ಬಾಗಿಲು ಚಿಲಕ. ಬೆಳಗ್ಗೆ ಅವನು ಡಿಪೋಗೆ ಓಡಬೇಕು, ಸಂಜೆ ಮನೆ ಸೇರುವುದೇ ಆರೂವರೆಯ ಹೊತ್ತಿಗೆ.

"ನನಗೆ ಎಲ್ಲಿದೆ?" ಎಂದು ಅವನು ಕೇಳಿದ. ಕೇಳುವಾಗ ದನಿ ಅಳುವ ಮಕ್ಕಳ ದನಿಯ ಹಾಗಾಯಿತು.

ಹೆಂಡತಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ನಿಜವಾದ ಕಾಳಜಿಯಿಂದಲೇ ಹುಡುಕಿದಳು. "ಇಲ್ಲಿ ಒಂದಿದೆ ನೋಡಿ. ಸೋಮವಾರದಿಂದ ಶನಿವಾರ, ಬೆಳಗ್ಗೆ ಹನ್ನೊಂದರಿಂದ ಹನ್ನೆರಡು. ನಿಮಗೆ ಪೂರ್ತಿ ಒಂದು ಗಂಟೆ."

"ಆಗ ನಾನು ಡಿಪೋದಲ್ಲಿರ್ತೀನಲ್ಲೇ."

"ಅದಕ್ಕೇ ಹೇಳಿದ್ದು. ಡಿಪೋದಲ್ಲಿ ದಿನಾ ಕೂತೇ ಇರ್ತೀರಲ್ಲ, ಅಲ್ಲಿ ನಿಮ್ಮನ್ನ ಯಾರೂ ಎಬ್ಬಿಸಲ್ಲ" ಎಂದು ಹೆಂಡತಿ ಆ ಚೌಕದಲ್ಲಿ ಅವನ ಹೆಸರು ಬರೆದು ಹಾಳೆಯನ್ನು ಅವನ ಕೈಗಿತ್ತಳು. "ಇದನ್ನ ಐದು ಪ್ರತಿ ಮಾಡಿ ಎಲ್ಲರಿಗೂ ಕೊಟ್ಟುಬಿಡಿ, ಈಗಲೇ."